ಫಿಲ್ಟರ್ ತೊಳೆದರೆ ಮುಗಿಯಲಿಲ್ಲ, ಪೈಪಿನೊಳಗೂ ನೋಡಿ

ಪ್ರಶ್ನೆ: ನಾವು ಠಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ 14ನೇ ಮಹಡಿಯ ಫ್ಲ್ಯಾಟಿನಲ್ಲಿದ್ದೇವೆ. ಪೈಪ್ ಗ್ಯಾಸ್ ಇದೆ. ಆಟೋ ಕ್ಲೀನ್ ಚಿಮಣಿ ಹಾಕಿಸಿ ಐದು ವರ್ಷವಾಯಿತು. ಚೌತಿಗೆ ಅತ್ತೆ ಕುಂದಾಪುರದಿಂದ ಬಂದಿದ್ದರು. ಅವರು ಚಕ್ಕುಲಿ ಕರಿಯುತ್ತಿದ್ದಾಗ ಚಿಮಣಿಯಿಂದ ಕಪ್ಪು ಎಣ್ಣೆ ಒಲೆಯ ಮೇಲೆ ತೊಟ್ಟಿಕ್ಕಿ ಭಗ್ ಅಂತ ಉರಿ ಎದ್ದಿತು. ಗ್ಯಾಸ್ ಆರಿಸಿದ ಮೇಲೆ ತಾನಾಗಿ ನಂದಿತು. ಫಿಲ್ಟರನ್ನು ತಿಂಗಳಿಗೊಮ್ಮೆ ತೊಳೆಯುತ್ತೇನೆ, ಎಎಂಸಿಯೂ (ವರ್ಷದ ಸರ್ವಿಸ್ ಒಪ್ಪಂದ) ಇದೆ. ಆದರೂ ಹೀಗೇಕೆ? ಚಿಮಣಿಗೇ ಬೆಂಕಿ ಹತ್ತುವುದು ಉಂಟಾ? ಅತ್ತೆ ಇದನ್ನು ಕಿತ್ತು ಬಿಸಾಡಿ ಅನ್ನುತ್ತಾರೆ. ಗಂಡ ಬೆಂಕಿ ಆರಿಸುವ ಸಿಲಿಂಡರ್ ತರುತ್ತೇನೆ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಉಂಟು. ಚಿಮಣಿಗೆ ಬೆಂಕಿ ಹತ್ತುತ್ತದೆ. ಹೋಟೆಲಿನಲ್ಲಿ ಹತ್ತುವುದನ್ನು ಜನ ಕೇಳಿರುತ್ತಾರೆ, ಮನೆಯಲ್ಲಿ ಹತ್ತಿದರೆ ಅದು 'ಅಡುಗೆಮನೆಯಲ್ಲಿ ಬೆಂಕಿ' ಅಂತಷ್ಟೇ ಸುದ್ದಿಯಾಗುತ್ತದೆ. ಮುಂಬೈ, ಠಾಣೆಯ ಹೋಟೆಲುಗಳ ಎಣ್ಣೆ ಹೊಗೆಯ ಡಕ್ಟ್, ಅಂದರೆ ಹೊಗೆ ಹೊರಗೆ ಒಯ್ಯುವ ಕೊಳವೆ, ನೋಡುವುದೇ ನನ್ನ ಕೆಲಸ. ಅವುಗಳಲ್ಲಿ ನಮ್ಮ ಉಡುಪಿ ಹೋಟೆಲುಗಳೇ ಜಾಸ್ತಿ. ಅಲ್ಲಿ ಆಗುವುದೇ ಸಣ್ಣ ಪ್ರಮಾಣದಲ್ಲಿ ನಿಮ್ಮ ಮನೆಯಲ್ಲೂ ಆಗುತ್ತಿದೆ.

ಮೊದಲು ಆ ಕಪ್ಪು ಹನಿಯ ವಿಷಯ. ಎಣ್ಣೆ ಕಾದಾಗ ಹೊಗೆಯ ಜೊತೆ ಎಣ್ಣೆಯ ಆವಿಯೂ ಮೇಲೆ ಹೋಗುತ್ತದೆ. ಫಿಲ್ಟರ್ ಅದರಲ್ಲಿ ಒಂದು ಪಾಲನ್ನು ಹಿಡಿಯುತ್ತದೆ, ಅಷ್ಟೇ. ಉಳಿದದ್ದು ಫ್ಯಾನು ದಾಟಿ ಪೈಪಿಗೆ ಹೋಗುತ್ತದೆ. ಪೈಪು ತಣ್ಣಗಿರುತ್ತದೆ, ಆವಿ ಅಲ್ಲಿ ಜಿಡ್ಡಾಗಿ ಅಂಟುತ್ತದೆ. ಮೊದಲು ಜೇನಿನ ಬಣ್ಣದ ತೆಳು ಪದರ. ಆಮೇಲೆ ಕಂದು. ವರ್ಷಗಟ್ಟಲೆ ಬಿಟ್ಟರೆ ಕಪ್ಪಗೆ, ಡಾಂಬರಿನ ಹಾಗೆ. ಮಳೆಗಾಲದಲ್ಲಿ ಹೊರಗಿನ ತೇವವೂ ಪೈಪಿನೊಳಗೆ ನೀರಾಗಿ ಇಳಿದು ಈ ಜಿಡ್ಡಿನ ಜೊತೆ ಸೇರುತ್ತದೆ. ಚೌತಿ ಬರುವುದೂ ಮಳೆ ಇನ್ನೂ ನಿಲ್ಲದ ಹೊತ್ತಿಗೇ. ಬಾಣಲೆಯ ಬಿಸಿ ಮೇಲೆ ಹೋಗುತ್ತಿದ್ದ ಹಾಗೆ ಜಿಡ್ಡು ಕರಗಿತು, ಇಳಿಜಾರು ಇದ್ದ ಕಡೆಗೆ ಹರಿಯಿತು. ನಿಮ್ಮಲ್ಲಿ ಆ ಇಳಿಜಾರು ಒಲೆಯ ಕಡೆಗಿದೆ ಅಂತ ನನ್ನ ಅನುಮಾನ. ಪೈಪನ್ನು ಹೊರಗೋಡೆಯ ಕಡೆಗೆ ತುಸು ಇಳಿಸಿ ಹಾಕಬೇಕು. ಮಾಡ್ಯುಲರ್ ಕಿಚನ್ ಮಾಡುವವರು ಅದನ್ನು ಪಿಓಪಿ ಸೀಲಿಂಗಿನೊಳಗೆ ಹೇಗೋ ತುರುಕಿ ಮುಚ್ಚಿಬಿಡುತ್ತಾರೆ. ನಡುವೆ ಪೈಪು ಜೋತುಬಿದ್ದರೆ ಅಲ್ಲೊಂದು ಎಣ್ಣೆಯ ಗುಂಡಿ.

ಇನ್ನೊಂದು ಸಾಧ್ಯತೆಯೂ ಇದೆ, ಅದು ಸುಲಭದ್ದು. ಆಟೋ ಕ್ಲೀನ್ ಚಿಮಣಿಯಲ್ಲಿ ಒಂದು ಹೀಟರ್ ಇರುತ್ತದೆ. ಅದು ಫ್ಯಾನಿನ ಸುತ್ತ ಹಿಡಿದ ಜಿಡ್ಡನ್ನು ಕರಗಿಸಿ ಕೆಳಗಿನ ಬಟ್ಟಲಿಗೆ ಬೀಳಿಸುತ್ತದೆ. ಆ ಬಟ್ಟಲನ್ನು ಎಷ್ಟು ದಿನಕ್ಕೊಮ್ಮೆ ಖಾಲಿ ಮಾಡುತ್ತೀರಿ? ಈ ಪ್ರಶ್ನೆಗೆ 'ಬಟ್ಟಲಾ?' ಅಂತ ತಿರುಗಿ ಕೇಳಿದವರೇ ಹೆಚ್ಚು. ಅದು ತುಂಬಿದರೆ ಉಕ್ಕಿ ಕೆಳಗೆ ಬೀಳದೆ ಇನ್ನೇನಾಗುತ್ತದೆ? ಇವತ್ತೇ ತೆಗೆದು ನೋಡಿ.

ಆಟೋ ಕ್ಲೀನ್ ಅನ್ನುವ ಹೆಸರೇ ಜನರನ್ನು ದಾರಿ ತಪ್ಪಿಸಿದೆ. ಅದು ಫ್ಯಾನಿನ ಸುತ್ತಮುತ್ತ ಮಾತ್ರ ಸ್ವಚ್ಛ ಮಾಡುತ್ತದೆ. ಪೈಪಿನ ಹತ್ತಿರಕ್ಕೂ ಹೋಗುವುದಿಲ್ಲ. ಎಎಂಸಿ ಹುಡುಗನೂ ಸಾಮಾನ್ಯವಾಗಿ ಹೋಗುವುದಿಲ್ಲ. ಅವನು ಫಿಲ್ಟರ್ ತೆಗೆಯುತ್ತಾನೆ, ಫ್ಯಾನಿಗೆ ಕೆಮಿಕಲ್ ಹೊಡೆಯುತ್ತಾನೆ, ಸ್ಟೀಲಿನ ಮುಖವನ್ನು ಪಳಪಳ ಒರೆಸಿ ನಿಮ್ಮ ಸಹಿ ತಗೊಂಡು ಹೋಗುತ್ತಾನೆ. ಅವನ ತಪ್ಪೇನಿಲ್ಲ, ಒಪ್ಪಂದದಲ್ಲಿ ಇರುವುದೇ ಅಷ್ಟು. ಮುಂದಿನ ಸಲ ಅವನು ಬಂದಾಗ 'ಪೈಪು ಬಿಚ್ಚಿ ತೋರಿಸು' ಅಂತ ಹೇಳಿ. ಬೇರೆ ದುಡ್ಡು ಕೇಳಿದರೂ ಕೊಡಿ.

ನೀವೇ ನೋಡುವುದೂ ಕಷ್ಟವಲ್ಲ. ಚಿಮಣಿಯ ಪ್ಲಗ್ ಕಿತ್ತುಬಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಗೋಡೆಗೆ ಅಂಟಿದ ಉದ್ದನೆಯ ಸ್ಟೀಲ್ ಕವರ್ ಸರಿಸಿದರೆ ಫ್ಯಾನಿನ ಮೇಲ್ಭಾಗಕ್ಕೆ ಪೈಪು ಸಿಕ್ಕಿಸಿರುವ ಜಾಗ ಕಾಣುತ್ತದೆ. ಅಲ್ಲಿ ಒಂದು ಕ್ಲಿಪ್ಪೋ ಟೇಪೋ ಇರುತ್ತದೆ. ಅದನ್ನು ಬಿಚ್ಚಿ ಮೊಬೈಲ್ ಟಾರ್ಚ್ ಹಾಕಿ ಒಳಗೆ ನೋಡಿ. ಹಳೆಯ ಚಮಚದ ಹಿಡಿಯಿಂದ ಕೆರೆಯಿರಿ. ಬರೀ ಬಣ್ಣ ಬಂದರೆ ಸದ್ಯಕ್ಕೆ ಭಯವಿಲ್ಲ. ಮುದ್ದೆ ಮುದ್ದೆಯಾಗಿ ಎದ್ದು ಬಂದರೆ ತಡಮಾಡಬೇಡಿ. ಹೋಟೆಲ್ ಡಕ್ಟುಗಳಿಗೆ ಅಮೆರಿಕದ ಎನ್‌ಎಫ್‌ಪಿಎ 96 ಅನ್ನುವ ನಿಯಮಾವಳಿಯಿದೆ, ನಮ್ಮ ಲೈನಿನವರೆಲ್ಲ ಅದನ್ನು ನೋಡುತ್ತಾರೆ. ಅದರ ಲೆಕ್ಕದಲ್ಲಿ ಜಿಡ್ಡು 2 ಮಿಲಿಮೀಟರ್ ದಪ್ಪ ಆಯಿತೆಂದರೆ ಸ್ವಚ್ಛ ಮಾಡಲೇಬೇಕು. ಇಡೀ ದಿನ ಕಾವಲಿ ಉರಿಯುವ ಹೋಟೆಲಿನಲ್ಲಿ ಮೂರು ತಿಂಗಳಿಗೊಮ್ಮೆ ಪರೀಕ್ಷೆ ಆಗಬೇಕು. ಮನೆಗೆ ಅಷ್ಟು ಬೇಡ. ವಾರಕ್ಕೆರಡು ಸಲ ಕರಿಯುವ ಮನೆಯಾದರೆ ವರ್ಷಕ್ಕೊಮ್ಮೆ ಪೈಪು ಬಿಚ್ಚಿ ನೋಡಿ, ದೀಪಾವಳಿಯ ಕರಿಯುವ ಗಲಾಟೆ ಶುರುವಾಗುವ ಮೊದಲು.

ಜಿಡ್ಡು ಹಿಡಿದಿದ್ದರೆ ತೊಳೆಯುವ ರಗಳೆ ಬೇಡ, ಪೈಪನ್ನೇ ಬದಲಿಸಿ. ಮಡಿಕೆ ಮಡಿಕೆಯಾದ ಅಲ್ಯುಮಿನಿಯಂ ಪೈಪಿನ ಒಳಗೆ ಯಾವ ಬ್ರಷ್ಷೂ ಸರಿಯಾಗಿ ಆಡುವುದಿಲ್ಲ, ಹರಿದೇ ಹೋಗುತ್ತದೆ. ಹೊಸದು ಹಾಕುವಾಗ ಮೂರು ವಿಷಯದಲ್ಲಿ ಹಟ ಹಿಡಿಯಿರಿ. ಪೈಪು 6 ಇಂಚಿನದೇ ಇರಲಿ. ಗೋಡೆಯಲ್ಲಿ ತೂತು ಚಿಕ್ಕದು ಅಂತ 4 ಇಂಚಿಗೆ ಇಳಿಸಲು ಬಿಡಬೇಡಿ, ಚಿಮಣಿಯ ಎಳೆತ ಸತ್ತು ಜಿಡ್ಡು ಅಲ್ಲೇ ಕೂರುತ್ತದೆ. ತಿರುವುಗಳು ಆದಷ್ಟು ಕಡಿಮೆ ಇರಲಿ. ಪಿವಿಸಿ ಪೈಪು ಮಾತ್ರ ಖಂಡಿತ ಬೇಡ. ಚರಂಡಿಯ ಪಿವಿಸಿ ಪೈಪನ್ನು ಚಿಮಣಿಗೆ ಜೋಡಿಸಿದ್ದನ್ನು ನಾನು ಒಳ್ಳೊಳ್ಳೆಯ ಫ್ಲ್ಯಾಟುಗಳಲ್ಲೇ ನೋಡಿದ್ದೇನೆ. ಬಿಳಿ ಬಣ್ಣ, ನೋಡಲು ಚಂದ, ತೊಳೆಯಲೂ ಸುಲಭ. ಆದರೆ ಅದು ಕುದಿಯುವ ನೀರಿನ ಬಿಸಿಗೇ ಮೆತ್ತಗಾಗುತ್ತದೆ. ಬೆಂಕಿ ಹತ್ತಿದರೆ ಅದರಿಂದ ಬರುವ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ, ಉಸಿರಾಟದ ದಾರಿಯನ್ನೇ ಸುಡುತ್ತದೆ.

ಹೊರಗಿನ ಬಾಯಿಯನ್ನೂ ನೋಡಿಸಿ. ಈ ಊರಿನಲ್ಲಿ ಅದು ಪಾರಿವಾಳದ ಆಸ್ತಿ. ಮುಚ್ಚಳದ ರೆಕ್ಕೆ ಮುರಿದಿದ್ದರೆ ಸಾಕು, ಕಡ್ಡಿ, ಪುಕ್ಕ, ಪೊರಕೆಯ ಎಳೆ ಎಲ್ಲ ತಂದು ಗೂಡು ಕಟ್ಟುತ್ತದೆ. ಒಂದು ಕಡೆ ಜಿಡ್ಡು, ಇನ್ನೊಂದು ಕಡೆ ಒಣ ಕಡ್ಡಿ. ಗಾಳಿಯೂ ಹೊರಗೆ ಹೋಗದೆ ಮನೆಯೊಳಗೇ ವಾಪಸ್ ಬರುತ್ತದೆ. ಚಿಮಣಿ ಎಳೆಯುತ್ತಿದೆಯೋ ಇಲ್ಲವೋ ತಿಳಿಯಲು ಒಂದು ಟಿಶ್ಯೂ ಪೇಪರನ್ನು ಫಿಲ್ಟರಿನ ಕೆಳಗೆ ಹಿಡಿಯಿರಿ. ಒಲೆ ಆರಿರಬೇಕು, ಮರೆಯಬೇಡಿ. ಪೇಪರ್ ಮೇಲಕ್ಕೆ ಅಂಟಿ ನಿಂತರೆ ಸರಿ. ಬಿದ್ದರೆ ಎಲ್ಲೋ ಕಟ್ಟಿದೆ. 14ನೇ ಮಹಡಿಯಲ್ಲಿ ಕಿಟಕಿಯಿಂದ ಬಗ್ಗಿ ನೋಡುವ ಸಾಹಸ ಮಾತ್ರ ಬೇಡ, ಸೊಸೈಟಿಗೆ ಹೇಳಿ ಹಗ್ಗ ಕಟ್ಟಿ ಇಳಿಯುವವರನ್ನು ಕರೆಸಿ. ಮುಚ್ಚಳಕ್ಕೆ ಸಣ್ಣ ಕಣ್ಣಿನ ಸೊಳ್ಳೆ ಪರದೆ ಬಡಿಸಬೇಡಿ, ಜಿಡ್ಡು ತುಂಬಿ ಬೇಗ ಕಟ್ಟುತ್ತದೆ.

ಫಿಲ್ಟರ್ ತಿಂಗಳಿಗೊಮ್ಮೆ ತೊಳೆಯುತ್ತೀರಿ, ಒಳ್ಳೆಯದು. ಹಬ್ಬದ ತಿಂಗಳಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆಯಿರಿ. ಸ್ಟೀಲಿನ ಪಟ್ಟಿಗಳಿರುವ ಬ್ಯಾಫಲ್ ಫಿಲ್ಟರ್ ಆದರೆ ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಒಂದಿಷ್ಟು ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿದರೆ ಸಾಕು. ಅಲ್ಯುಮಿನಿಯಂ ಜಾಳಿಗೆಯದಾದರೆ ಸೋಡಾ ಹಾಕಬೇಡಿ, ಕಪ್ಪಾಗಿ ಸವೆಯುತ್ತದೆ. ಕಾಸ್ಟಿಕ್ ಸೋಡಾ ಅಂತೂ ಅಲ್ಯುಮಿನಿಯಂ ಹತ್ತಿರ ತರಲೇಬಾರದು, ಎರಡೂ ಸೇರಿದರೆ ಹೈಡ್ರೋಜನ್ ಗ್ಯಾಸ್ ಏಳುತ್ತದೆ. ಬೇಗ ಜಿಡ್ಡು ಬಿಡುತ್ತದೆ ಅಂತ ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಹಾಕಿ ಒರೆಸುವವರಿಗೆ ನಾನೇನೂ ಹೇಳುವುದಿಲ್ಲ, ದೇವರೇ ಕಾಪಾಡಲಿ. ಕಪ್ಪು ಇದ್ದಿಲಿನ ಫಿಲ್ಟರ್ ಇದ್ದರೆ ಅದನ್ನು ತೊಳೆಯಲು ಬರುವುದಿಲ್ಲ, ಹೊಸದೇ ಹಾಕಬೇಕು.

ಈಗ ಬಾಣಲೆಯ ಕಡೆ ಬರೋಣ. ಅಡುಗೆಮನೆಯ ಬೆಂಕಿ ಬಹುತೇಕ ಶುರುವಾಗುವುದು ಅಲ್ಲೇ, ಚಿಮಣಿ ಆಮೇಲೆ ಸೇರಿಕೊಳ್ಳುತ್ತದೆ. ಚಕ್ಕುಲಿ ಕರಿಯಲು ಎಣ್ಣೆ 170ರಿಂದ 190 ಡಿಗ್ರಿ ಇದ್ದರೆ ಸಾಕು. ರಿಫೈನ್ಡ್ ಸೂರ್ಯಕಾಂತಿ ಎಣ್ಣೆ 230ರ ಆಸುಪಾಸಿನಲ್ಲಿ ಹೊಗೆಯಾಡುತ್ತದೆ. ನಿಮ್ಮ ಅತ್ತೆ ಊರಿಂದ ಗಾಣದ ತೆಂಗಿನೆಣ್ಣೆ ತಂದಿದ್ದರೆ ಅದು ಇನ್ನೂ ಬೇಗ, 175ರ ಸುಮಾರಿಗೇ ಹೊಗೆ ಕೊಡುತ್ತದೆ. ಒಮ್ಮೆ ಕರಿದ ಎಣ್ಣೆಯೂ ಹಾಗೆಯೇ. ಹೊಗೆ ಬಂತು ಅಂದರೆ ಉರಿ ಇಳಿಸಿ. ಬಿಟ್ಟರೆ 350 ಡಿಗ್ರಿ ದಾಟಿದ ಮೇಲೆ ಎಣ್ಣೆ ಯಾವ ಕಿಡಿಯೂ ಇಲ್ಲದೆ ತಾನಾಗಿಯೇ ಹತ್ತಿಕೊಳ್ಳುತ್ತದೆ. ಬಾಗಿಲಿಗೆ ಕೊರಿಯರ್ ಬಂದ, ಊರಿಂದ ಫೋನ್ ಬಂತು, ಅಷ್ಟು ಹೊತ್ತು ಸಾಕು. ಕರಿಯುವಾಗ ಒಲೆ ಬಿಟ್ಟು ಹೋಗಲೇಬೇಕಾದರೆ ಗ್ಯಾಸ್ ಆರಿಸಿ ಹೋಗಿ.

ಒಲೆಗೂ ಚಿಮಣಿಗೂ ನಡುವೆ 65ರಿಂದ 75 ಸೆಂಟಿಮೀಟರ್ ಅಂತರ ಬೇಕು. ಟೇಪು ಹಿಡಿದು ಅಳೆಯಿರಿ. ಚಿಮಣಿ ಹಾಕಿಸಿದ ಮೇಲೆ ಎತ್ತರದ ಹೊಸ ಒಲೆ ತಂದು ಈ ಅಂತರ ತಿಂದುಹಾಕಿದ ಮನೆಗಳಿವೆ. ಪಾತ್ರೆ ಇಲ್ಲದೆ ಬರೀ ಬರ್ನರ್ ಉರಿಯಲು ಬಿಡಬೇಡಿ, ಬದನೆಕಾಯಿ ಸುಡುವಾಗಲೂ ಉರಿ ಚಿಕ್ಕದಿರಲಿ. ಜ್ವಾಲೆ ನೇರ ಫಿಲ್ಟರಿನ ಜಿಡ್ಡಿಗೆ ಮುಟ್ಟುತ್ತದೆ.

ಬಾಣಲೆಗೆ ಬೆಂಕಿ ಹತ್ತಿದರೆ ಮೊದಲು ಗ್ಯಾಸ್ ಆರಿಸಿ. ಒಲೆಯ ನಾಬ್ ಹತ್ತಿರ ಕೈ ಹೋಗದಿದ್ದರೆ ಪೈಪ್ ಗ್ಯಾಸಿನ ವಾಲ್ವ್ ತಿರುಗಿಸಿ. ಅದು ಎಲ್ಲಿದೆ, ಯಾವ ಕಡೆ ತಿರುಗುತ್ತದೆ ಅಂತ ಮನೆಯ ಎಲ್ಲರಿಗೂ ಗೊತ್ತಿರಬೇಕು, ಮನೆಗೆಲಸಕ್ಕೆ ಬರುವ ಹೆಂಗಸಿಗೂ. ಆಮೇಲೆ ಮುಚ್ಚಳ. ಬಾಣಲೆಗಿಂತ ದೊಡ್ಡದಾದ, ಚಪ್ಪಟೆಯಾದ ಸ್ಟೀಲ್ ಮುಚ್ಚಳ ಅಥವಾ ದೊಡ್ಡ ಪರಾತ ಒಂದನ್ನು ಕರಿಯುವ ಮೊದಲೇ ಕೈಗೆಟುಕುವ ಹಾಗೆ ಇಟ್ಟುಕೊಂಡಿರಿ. ಗಾಜಿನದು ಬೇಡ, ಒಡೆಯುತ್ತದೆ. ಅದನ್ನು ಮೇಲಿನಿಂದ ಹಾಕಲು ಹೋದರೆ ಕೈ ಸುಡುತ್ತದೆ. ನಿಮ್ಮ ಕಡೆಯ ಅಂಚಿನಿಂದ ಗೋಡೆಯ ಕಡೆಗೆ ಜಾರಿಸಿ ಮುಚ್ಚಿ. ಆಗ ಮುಚ್ಚಳವೇ ನಿಮಗೂ ಉರಿಗೂ ನಡುವೆ ಅಡ್ಡ ನಿಲ್ಲುತ್ತದೆ. ಮುಚ್ಚಿದ ಮೇಲೆ ಅರ್ಧ ಗಂಟೆ ತೆಗೆಯಬೇಡಿ. ಆರಿತಾ ಅಂತ ಇಣುಕಿ ನೋಡುವ ಚಪಲ ಎಲ್ಲರಿಗೂ ಬರುತ್ತದೆ. ಎಣ್ಣೆ ಇನ್ನೂ ಕಾದಿದ್ದರೆ ಗಾಳಿ ಸಿಕ್ಕಿದೊಡನೆ ಮತ್ತೆ ಹತ್ತುತ್ತದೆ.

ಮೂರನೆಯದು, ಚಿಮಣಿ ಬಂದ್. ಹೊಗೆ ಹೋಗಲಿ ಅಂತ ಅದನ್ನು ಜೋರು ಮಾಡುವವರೇ ಹೆಚ್ಚು. ಆ ಫ್ಯಾನ್ ಉರಿಯನ್ನು ಎಳೆದು ಪೈಪಿನೊಳಗೆ ಕೊಡುತ್ತದೆ, ಗಾಳಿಯನ್ನೂ ಕೊಡುತ್ತದೆ. ಬಟನ್ ಉರಿಯ ಮೇಲೇ ಇದ್ದರೆ ಕೈ ಚಾಚಬೇಡಿ, ಮೇನ್ ಬೋರ್ಡಿನಲ್ಲಿ ಅಡುಗೆಮನೆಯ ಎಂಸಿಬಿ ಇಳಿಸಿ. ಈಗ ಕೈ ಬೀಸಿದರೆ ಶುರುವಾಗುವ ಚಿಮಣಿಗಳು ಬಂದಿವೆ. ಬೆಂಕಿ ಬಿದ್ದಾಗ ಯಾರು ತಾನೇ ಕೈ ಬೀಸದೆ ಇರುತ್ತಾರೆ? ನನಗೆ ಆ ಸೌಕರ್ಯ ಹಿಡಿಸುವುದಿಲ್ಲ.

ನೀರು ಹಾಕಬೇಡಿ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 1700 ಲೀಟರ್ ಜಾಗ ಬೇಡುತ್ತದೆ. ನೀರು ಎಣ್ಣೆಯ ಅಡಿಗೆ ಇಳಿದು ಒಮ್ಮೆಲೇ ಆವಿಯಾಗಿ ಉರಿಯುವ ಎಣ್ಣೆಯನ್ನು ಸೀಲಿಂಗಿಗೆ ಎರಚುತ್ತದೆ. ನೀರು ತೊಟ್ಟಿಕ್ಕುವ ಒದ್ದೆ ಟವೆಲ್ ಹಾಕಿದರೂ ಅದೇ ಕತೆ. ಮೈದಾ, ಕಡಲೆಹಿಟ್ಟು ಎರಚುವುದೂ ತಪ್ಪು, ಹಿಟ್ಟು ತಾನೇ ಹೊತ್ತಿಕೊಳ್ಳುತ್ತದೆ. ಉರಿಯುವ ಬಾಣಲೆಯನ್ನು ಸಿಂಕಿಗೋ ಬಾಲ್ಕನಿಗೋ ಒಯ್ಯಬೇಡಿ. ನಡೆಯುವಾಗ ಉರಿ ಹಿಂದಕ್ಕೆ, ನಿಮ್ಮ ಮುಖದ ಕಡೆಗೇ ಬಾಗುತ್ತದೆ. ಕೈ ಬಿಟ್ಟರೆ ನೆಲವೆಲ್ಲ ಬೆಂಕಿ.

ಚಿಮಣಿಯ ಒಳಗಿಂದ ಹೋ ಅನ್ನುವ ಸದ್ದು ಬಂದರೆ, ಸೀಲಿಂಗಿನ ಬಣ್ಣ ಉಬ್ಬಿ ಕಪ್ಪಾದರೆ, ಬೆಂಕಿ ಪೈಪಿಗೆ ಹೋಗಿದೆ ಅಂತ ಅರ್ಥ. ಇನ್ನು ಅದು ನಿಮ್ಮ ಕೈಯ ಕೆಲಸವಲ್ಲ. ಫಿಲ್ಟರ್ ತೆಗೆದು ನೋಡಬೇಡಿ. ಎಲ್ಲರನ್ನೂ ಹೊರಡಿಸಿ, ಬಾಗಿಲು ಎಳೆದುಕೊಳ್ಳಿ, ಬೀಗ ಹಾಕಬೇಡಿ. 101ಕ್ಕೆ ಫೋನ್ ಮಾಡಿ, 112 ಆದರೂ ಆದೀತು. ವಾಚ್‌ಮನ್‌ಗೆ ಹೇಳಿ, ಮೇಲಿನ ಮನೆಯವರ ಬೆಲ್ ಒತ್ತಿಸಿ. ಲಿಫ್ಟ್ ಬೇಡ, ಮೆಟ್ಟಿಲು. ಅತ್ತೆಗೆ ಅಷ್ಟೂ ಮಹಡಿ ಇಳಿಯಲು ಆಗದಿದ್ದರೆ ರೆಫ್ಯೂಜ್ ಏರಿಯಾ (ಬೆಂಕಿ ಬಿದ್ದಾಗ ಜನ ಕಾಯಲು ಬಿಟ್ಟ ತೆರೆದ ಜಾಗ) ಇರುವ ಮಹಡಿಗೆ ಹೋಗಿ ಕೂರಲಿ, ಅದು ಇರುವುದೇ ಅದಕ್ಕೆ. ಯಾವ ಮಹಡಿಯಲ್ಲಿದೆ, ಅಲ್ಲಿ ಹಳೆ ಸೋಫಾ ಪೇರಿಸಿದ್ದಾರಾ ಅಂತ ಈಗಲೇ ನೋಡಿ ಬನ್ನಿ. 2017ರ ಡಿಸೆಂಬರಿನಲ್ಲಿ ಮುಂಬೈಯ ಸಾಕಿನಾಕಾದ ಒಂದು ಫರ್ಸಾಣ್ (ಕರಿದ ತಿಂಡಿ) ಅಂಗಡಿಗೆ ಬೆಂಕಿ ಬಿದ್ದು 12 ಕೆಲಸಗಾರರು ಸತ್ತರು. ಅವರಿಗೆ ಹೊರಬರಲು ದಾರಿ ಸಿಗಲಿಲ್ಲ. ನಿಮ್ಮ ಕಾರಿಡಾರಿನಲ್ಲಿ ಚಪ್ಪಲಿ ಕಪಾಟು, ಮಕ್ಕಳ ಸೈಕಲ್ ಇದ್ದರೆ ನೀವೇ ಮೊದಲು ನಿಮ್ಮದನ್ನು ಒಳಗೆ ತಂದುಬಿಡಿ. ಆಮೇಲೆ ಪಕ್ಕದ ಮನೆಯವರಿಗೆ ಹೇಳಲು ಬಾಯಿ ಬರುತ್ತದೆ.

ಗ್ಯಾಸಿನ ವಾಸನೆ ಬಂದಾಗ ಏನು ಮಾಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ವಾಸನೆ ಹೋಗಲಿ ಅಂತ ಚಿಮಣಿ ಹಾಕುವುದು ತೀರಾ ಅಪಾಯ. ಸ್ವಿಚ್ಚಿನ ಸಣ್ಣ ಕಿಡಿ ಸಾಕು. ಲೈಟು, ಫ್ಯಾನು, ಬೆಲ್ಲು ಯಾವುದನ್ನೂ ಮುಟ್ಟಬೇಡಿ, ಉರಿಯುತ್ತಿರುವ ಲೈಟನ್ನು ಆರಿಸಲೂ ಬೇಡಿ. ವಾಲ್ವ್ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆದು ಹೊರಗೆ ಬನ್ನಿ. ಪೈಪ್ ಗ್ಯಾಸ್ ಗಾಳಿಗಿಂತ ಹಗುರ, ಮೇಲೆ ಸೀಲಿಂಗಿನ ಹತ್ತಿರ ನಿಲ್ಲುತ್ತದೆ. ಹಾಗಾಗಿ ಅಡುಗೆಮನೆಯ ಗೋಡೆಯಲ್ಲಿ ಮೇಲಿರುವ ಗಾಳಿಕಿಂಡಿಯನ್ನು ಚಳಿಗೋ ಧೂಳಿಗೋ ಮುಚ್ಚಬೇಡಿ. ಊರಲ್ಲಿ ಅತ್ತೆಯ ಮನೆಯ ಸಿಲಿಂಡರ್ ಗ್ಯಾಸ್ ಇದಕ್ಕೆ ತದ್ವಿರುದ್ಧ. ಅದು ಭಾರ, ನೆಲದಲ್ಲಿ ಹರಡುತ್ತದೆ. ಸಿಲಿಂಡರ್ ಸೋರಿದರೆ ಫೋನ್ ಮಾಡಬೇಕಾದ ನಂಬರ್ 1906, ಅವರಿಗೂ ಬರೆದುಕೊಡಿ. ನಿಮ್ಮ ಪೈಪ್ ಗ್ಯಾಸಿನ ತುರ್ತು ನಂಬರ್ ಬಿಲ್ಲಿನ ಮೇಲೇ ಇರುತ್ತದೆ. ಎಲ್ಲಿಗೇ ಆದರೂ ಫೋನ್ ಮಾಡುವುದು ಹೊರಗೆ ಬಂದ ಮೇಲೆ. ಒಲೆಯ ರಬ್ಬರ್ ಟ್ಯೂಬು ಒಳಗೆ ತಂತಿಯ ಬಲೆ ಇರುವುದೇ ಆಗಿರಲಿ, ಇಲಿ ಕಚ್ಚಿದರೂ ತಡೆಯುತ್ತದೆ. ಅದರ ಮೇಲೆ ಅಚ್ಚಾದ ವರ್ಷ ನೋಡಿ, ಐದು ವರ್ಷ ದಾಟಿದ್ದರೆ ಬದಲಿಸಿ.

ಇನ್ನು ನಿಮ್ಮ ಯಜಮಾನರ ಸಿಲಿಂಡರ್. ತರಲಿ, ಆದರೆ ಬಾಣಲೆಗೆ ಅಂತ ಅಲ್ಲ. ಅಂಗಡಿಯಲ್ಲಿ ಸಿಗುವುದು ಎಬಿಸಿ ಪುಡಿಯದು. ಪರದೆ, ಫ್ರಿಡ್ಜಿನ ವೈರು, ಕಸದ ಬುಟ್ಟಿಗೆ ಹತ್ತಿದ ಬೆಂಕಿಗೆ ಅದು ಸರಿ. ಕಾದ ಎಣ್ಣೆಯನ್ನು ಆ ಪುಡಿ ತಣಿಸುವುದಿಲ್ಲ, ಹತ್ತಿರದಿಂದ ಹೊಡೆದರೆ ಎಣ್ಣೆಯನ್ನೇ ಚಿಮ್ಮಿಸುತ್ತದೆ. ಎಣ್ಣೆಗಾಗಿಯೇ ಇರುವುದು ವೆಟ್ ಕೆಮಿಕಲ್, ಮೇಲೆ ಕೆ ಅಥವಾ ಎಫ್ ಅಂತ ಗುರುತಿರುತ್ತದೆ. ಹೋಟೆಲಿಗೆ ನಾನು ಅದನ್ನೇ ಹೇಳುತ್ತೇನೆ. ಮನೆಗೆ ಬಾಣಲೆಗೊಂದು ಮುಚ್ಚಳ, ಉಳಿದದ್ದಕ್ಕೆ 2 ಕಿಲೋ ಎಬಿಸಿ ಸಾಕು. ಐಎಸ್ 15683 ಅಂತ ಐಎಸ್‌ಐ ಗುರುತು ನೋಡಿ ತಗೊಳ್ಳಲಿ. ಅದನ್ನು ಒಲೆಯ ಪಕ್ಕ ಅಲ್ಲ, ಅಡುಗೆಮನೆಯಿಂದ ಹೊರಗೆ ಬರುವ ದಾರಿಯಲ್ಲಿ ನೇತುಹಾಕಿ. ಪಿನ್ ಎಳೆದು, ಎರಡು ಮೀಟರ್ ದೂರ ನಿಂತು, ಉರಿಯ ಬುಡಕ್ಕೆ ಅಡ್ಡಡ್ಡ ಹೊಡೆಯಬೇಕು. ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಖಾಲಿಯಾಗಿಬಿಡುತ್ತದೆ, ಆದ್ದರಿಂದ ನಿಮ್ಮ ಬೆನ್ನು ಬಾಗಿಲ ಕಡೆಗಿರಲಿ. ಗಡಿಯಾರದಂಥ ಮೀಟರಿನ ಮುಳ್ಳು ಹಸಿರಿನಲ್ಲಿದೆಯೇ ಅಂತ ತಿಂಗಳಿಗೊಮ್ಮೆ ಕಣ್ಣು ಹಾಯಿಸಿದರೆ ಸಾಕು. ಎಸೆದರೆ ಒಡೆದು ಬೆಂಕಿ ಆರಿಸುವ ಚೆಂಡುಗಳನ್ನು ಈಗ ಆನ್‌ಲೈನಿನಲ್ಲಿ ಮಾರುತ್ತಾರೆ. ಮನೆಗೆ ಅದನ್ನೊಂದನ್ನೇ ನಂಬಿ ಕೂರಿ ಅಂತ ನಾನು ಹೇಳಲಾರೆ.

ಅತ್ತೆಯವರ ಮಾತಿಗೂ ಉತ್ತರ ಬೇಕಲ್ವಾ. ಊರಿನ ಮನೆಯಲ್ಲಿ ಹೆಂಚಿನ ಸಂದಿಯಿಂದಲೇ ಹೊಗೆ ಹೋಗುತ್ತದೆ, ಅಲ್ಲಿ ಅವರ ಮಾತು ಸರಿ. ನಿಮ್ಮ ಫ್ಲ್ಯಾಟಿನ ಅಡುಗೆಮನೆ ಹಾಲಿಗೆ ತೆರೆದಿರುತ್ತದೆ, ಕಿಟಕಿಯಿಂದ ಬರುವ ಗಾಳಿ ಉರಿಯನ್ನೇ ಅಲುಗಾಡಿಸುತ್ತದೆ. ಚಿಮಣಿ ಕಿತ್ತರೆ ಅದೇ ಜಿಡ್ಡು ಸೀಲಿಂಗಿಗೆ, ಫ್ಯಾನಿಗೆ, ಟ್ಯೂಬ್‌ಲೈಟಿನ ವೈರಿಗೆ ಹೋಗಿ ಕೂರುತ್ತದೆ. ಚಿಮಣಿ ಇರಲಿ. ಪೈಪು ನೋಡುವ ತನಕ ಕರಿಯುವುದು ಮಾತ್ರ ಬೇಡ. ಹಪ್ಪಳ ಸುಟ್ಟು ತಿನ್ನಿ, ಚಿಕ್ಕ ಉರಿಯಲ್ಲಿ.

ಒಂದು ಕೆಲಸ ಸೊಸೈಟಿಯ ಪಾಲಿನದು. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷತಾ ಕಾಯ್ದೆಯ ಪ್ರಕಾರ ಬಿಲ್ಡಿಂಗಿನ ಬೆಂಕಿ ಆರಿಸುವ ವ್ಯವಸ್ಥೆಯನ್ನು ಲೈಸೆನ್ಸ್ ಇರುವ ಏಜೆನ್ಸಿ ನೋಡಿ, ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈಯಲ್ಲಿ, ಫಾರ್ಮ್ ಬಿ, ಅಂದರೆ ಎಲ್ಲ ಸರಿಯಿದೆ ಅನ್ನುವ ಪ್ರಮಾಣಪತ್ರ, ಕೊಡಬೇಕು. ಕೊನೆಯದರ ನಕಲನ್ನು ಸೆಕ್ರೆಟರಿ ಹತ್ತಿರ ಕೇಳಿ. ಹಾಗೆಯೇ, ನಿಮ್ಮ ಚಿಮಣಿಯ ಪೈಪು ನೇರ ಹೊರಗೋಡೆಗೆ ಹೋಗದೆ ಹತ್ತು ಮನೆಗೆ ಸೇರಿದ ಶಾಫ್ಟಿಗೆ ಬಿಟ್ಟಿದ್ದರೆ ಆ ಶಾಫ್ಟಿನ ಗೋಡೆಯೂ ಜಿಡ್ಡಾಗಿರುತ್ತದೆ. ಅಲ್ಲೇ ನೀರಿನ ಪೈಪು, ಕೇಬಲ್ಲುಗಳು ಇರುತ್ತವೆ. ಅದನ್ನು ಯಾರೂ ತಮ್ಮದು ಅಂದುಕೊಳ್ಳುವುದಿಲ್ಲ. ಫೋಟೋ ತೆಗೆದು ಮುಂದಿನ ಮೀಟಿಂಗಿನಲ್ಲಿ ಇಡಿ, ಸ್ವಚ್ಛ ಮಾಡಿಸುವ ಖರ್ಚು ಮೇಂಟೆನೆನ್ಸಿನಿಂದಲೇ ಹೋಗಲಿ.